ಕೋಲಿನ ನಡುಗೆರೆ

ಭೂಮಿಗೆ ನಿದ್ದೆಯಲ್ಲಿ ಮಗ್ಗುಲು ಬದಲಿಸುವ ಅಭ್ಯಾಸವಿದ್ದ ಕಾಲದಲ್ಲಿ ಎರಡು ಮನೆಗಳಿದ್ದವಂತೆ. ಒಂದು ಭೂಮಿಯ ಸೆರಗನ್ನು ಬಿಗಿಯಾಗಿ ಹಿಡಿದಿತ್ತು. ಇನ್ನೊಂದು ಆಮೆಗಳ ಬೆನ್ನೇರಿ ಕೂತಿತ್ತು. ಭೂಮಿ ಮಗ್ಗುಲಾದಾಗ ಸೆರಗು ಹಿಡಿದ ಮನೆ ಮುರಿದು ಬಿತ್ತು. ಆಮೆಗಳು ಮಾತ್ರ ಎರಡು ಹೆಜ್ಜೆ ಆಚೆ, ಎರಡು ಹೆಜ್ಜೆ ಈಚೆ ಸರಿದು ಸುಮ್ಮನಾದವು. “ಆದ್ರೆ ಆಮೆಗೆ ಓಡಾಡೋಕೆ ಅಂಗಳ ಬೇಕು ಮಗಾ, ಅಲ್ಲಿ ಏನೂ ಇಡಬಾರದು” ಎಂದು ಅಜ್ಜಿ ಪ್ರತಿಸಲವೂ ಕಥೆ ಮುಗಿಸುತ್ತಿದ್ದಳು.

ಈ ಕಥೆಯನ್ನು ನನಗಿಂತ ಮೂವತ್ತು ವರ್ಷ ಮೊದಲೇ ಕೇಳಿದವರು ಅವಳ ಹಿರಿಮಗ, ನನ್ನ ದೊಡ್ಡಪ್ಪ. ನನಗೆ ಕಟ್ಟಡದ ವಿದ್ಯೆ ಕಲಿಸಿದವರೂ ಅವರೇ.

ಅವರ ಕಚೇರಿ ಕಟ್ಟುತ್ತಿದ್ದ ಹೆರಿಗೆ ಆಸ್ಪತ್ರೆಯ ನಕ್ಷೆ ನನ್ನದು. ಐವತ್ತನಾಲ್ಕು ಕಂಬ. ಪ್ರತಿ ಕಂಬದಡಿ ರಬ್ಬರು, ಉಕ್ಕಿನ ಹಾಳೆಗಳನ್ನು ಒಂದರ ಮೇಲೊಂದು ಅಂಟಿಸಿದ ದುಂಡನೆಯ ದಿಂಬು. ನೆಲ ಅಲುಗಿದರೆ ದಿಂಬು ಬಾಗುತ್ತದೆ, ಮೇಲಿನ ಆಸ್ಪತ್ರೆ ನಿಧಾನಕ್ಕೆ ತೂಗುತ್ತದೆ. ಭೂಮಿಯ ಬಿರುಕು ದೂರದಲ್ಲಿದ್ದರೆ ತೂಗಾಟಕ್ಕೆ ಮೂವತ್ತು ಸೆಂಟಿಮೀಟರ್ ಜಾಗ ಸಾಕಿತ್ತು. ಇಲ್ಲಿ ಬಿರುಕು ಎರಡೇ ಮೈಲಿಯಾಚೆ. ಅಷ್ಟು ಹತ್ತಿರದಲ್ಲಿ ನೆಲ ಬರೀ ನಡುಗುವುದಿಲ್ಲ, ಒಮ್ಮೆಗೇ ಜೋರಾಗಿ ತಳ್ಳುತ್ತದೆ. ಹಾಗೆ ತಳ್ಳಿದಾಗ ಕಟ್ಟಡ ಐವತ್ತಾರರ ತನಕ ಸರಿಯಬಹುದೆಂದು ಲೆಕ್ಕ ಹೇಳಿತ್ತು. ಹಾಗಾಗಿ ಸುತ್ತಲೂ ಅರವತ್ತು ಸೆಂಟಿಮೀಟರ್ ಅಗಲದ ಖಾಲಿ ಕಂದಕ ಬರೆದಿದ್ದೆ. ಕಿರಿದಾದರೆ ಕಟ್ಟಡ ಹೋಗಿ ಕಂದಕದ ಗೋಡೆಗೆ ಗುದ್ದುತ್ತದೆ. ಆಗ ದಿಂಬುಗಳು ಇದ್ದೂ ಇಲ್ಲದಂತೆ.

ಅಳತೆಗೊಂದು ಮರದ ಕೋಲು ಮಾಡಿಸಿದ್ದೆ. ಸರಿಯಾಗಿ ಅರವತ್ತು, ಎರಡೂ ತುದಿಗೆ ಕೆಂಪು ಬಣ್ಣ. ಕಂದಕಕ್ಕಿಳಿದು, ಕೋಲನ್ನು ಅಡ್ಡ ಹಿಡಿದು ಆಸ್ಪತ್ರೆಯನ್ನು ಪೂರ್ತಿ ಸುತ್ತಿ, ಅದು ಎಲ್ಲೂ ಸಿಕ್ಕಿಕೊಳ್ಳದಿದ್ದರೆ ಮಾತ್ರ ಸಹಿ ಹಾಕುತ್ತೇನೆಂದು ಅಜ್ಜಿಗೆ ಮಾತು ಕೊಟ್ಟಿದ್ದೆ. ಕೋಲಿನ ನಟ್ಟನಡುವೆ ಮೊಳೆಯಿಂದ ಗೆರೆ ಗೀರಿ, ಆ ಗೆರೆಯನ್ನು ಬೆರಳ ಮೇಲಿಟ್ಟು ತಕ್ಕಡಿಯಂತೆ ನಿಲ್ಲಿಸುತ್ತಾ ಮೈಮರೆಯುವುದು ನನ್ನ ಚಟ. “ಅಮ್ಮಾವ್ರು ಮತ್ತೆ ಆಮೆ ಸವಾರಿ ಹೊರಟ್ರು” ಎಂದು ಮೇಸ್ತ್ರಿ ನಗುತ್ತಿದ್ದ.

ಮೂರು ಬದಿ ನೋಡಿ ಮುಗಿಸಿದ್ದೆ. ಅಷ್ಟರಲ್ಲಿ ಅಜ್ಜಿ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಳು.

“ನೀನು ಅಮ್ಮನ ಹತ್ರ ಇರು ಪುಟ್ಟಿ” ಎಂದರು ದೊಡ್ಡಪ್ಪ. “ಹಿಂದಿನ ಗೋಡೆ ನಾನು ನೋಡ್ಕೋತೀನಿ. ಕೋಲು ಇಲ್ಲೇ ಬಿಟ್ಟು ಹೋಗು.”

ಮೂರು ವಾರ ಬಿಟ್ಟು ಬಂದಾಗ ಹಿಂಬದಿಯ ಗೋಡೆ ಎದ್ದಿತ್ತು, ಅದರಾಚೆ ಆಂಬುಲೆನ್ಸಿಗೆ ಕಾಂಕ್ರೀಟ್ ದಾರಿ. ಕೋಲು ಹಿಡಿದು ಆ ಬದಿಯುದ್ದಕ್ಕೂ ನಡೆದೆ. ಎಲ್ಲೂ ತಡೆಯಲಿಲ್ಲ. ಹಲಗೆಯ ಮೇಲೆ ಕಾಗದ ಹರಡಿ ಸಹಿ ಮಾಡಿದೆ. ಮೇಸ್ತ್ರಿ ಚಹಾ ತಂದ. ಅದು ಆರುವ ತನಕ ಕೋಲಿನ ಗೆರೆಯನ್ನು ಬೆರಳ ಮೇಲಿಟ್ಟೆ.

ಕೋಲು ವಾಲಿ ಬಿತ್ತು. ಮತ್ತೆ ಇಟ್ಟೆ. ಮತ್ತೆ ಅದೇ ಕಡೆಗೆ ಬಿತ್ತು. ಒಂದು ತುದಿಯ ಬಣ್ಣ ಇನ್ನೂ ವಾಸನೆ ಹೊಡೆಯುತ್ತಿತ್ತು. ಟೇಪು ಹಿಡಿದರೆ ಐವತ್ತು.

ಮೇಸ್ತ್ರಿ ತನ್ನ ಲೋಟದೊಳಗೇ ನೋಡುತ್ತಿದ್ದ. “ನನ್ನ ಕೇಳ್ಬೇಡಿ ಅಮ್ಮಾ. ಸಾಹೇಬ್ರು ಗರಗಸ ಕೇಳಿದ್ರು, ಕೊಟ್ಟೆ.”

ದೊಡ್ಡಪ್ಪ ತಗಡಿನ ಶೆಡ್ಡಿನಲ್ಲಿ ಕೂತಿದ್ದರು. ಕೋಲನ್ನೂ ಸಹಿಯ ಕಾಗದವನ್ನೂ ಅವರ ಮೇಜಿನ ಮೇಲಿಟ್ಟೆ.

“ನೀವು ಕುಯ್ದ್ರಾ?”

ಅವರು ಕನ್ನಡಕ ತೆಗೆದರು. “ದಾರಿ ಆಗ್ಲೇ ಹಾಕಿಬಿಟ್ಟಿದ್ರು. ಜಾಗ ಸಾಲದೆ ಗೋಡೆ ಹತ್ತು ಸೆಂಟಿಮೀಟರ್ ಒಳಗೆ ಬಂತು. ಒಡೆದ್ರೆ ಎರಡು ತಿಂಗಳು ತಡ. ಐವತ್ತೇನು ಕಮ್ಮಿನಾ?”

“ಐವತ್ತಾರು ಸರಿಯುತ್ತೆ. ಆ ಲೆಕ್ಕ ತಿದ್ದಿದ್ದೇ ನೀವು.”

“ಯಾವತ್ತೋ ಒಂದಿನ, ಭೂಮಿ ಅಲುಗಿದ್ರೆ.”

“ನನಗೆ ಹೇಳಬಹುದಿತ್ತು.”

“ಹೇಳಿದ್ರೆ ಸಹಿ ಹಾಕ್ತಿದ್ಯಾ?”

ಕೋಲಿನ ತುದಿಗಳನ್ನು ತಿರುಗಿಸಿ ನೋಡಿದೆ. ಕೆಂಪು ಎಲ್ಲಿಂದ ಎಲ್ಲಿಯವರೆಗೆ ಹಚ್ಚಬೇಕೆಂದೂ ಅವರು ಅಳೆದಿದ್ದರು, ಎರಡು ತುದಿಗೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಚಿಕ್ಕವಳಿದ್ದಾಗ ನನ್ನ ಪೆನ್ಸಿಲುಗಳನ್ನು ಅಷ್ಟೇ ಜತನದಿಂದ ಚೂಪು ಮಾಡಿಕೊಡುತ್ತಿದ್ದರು.

ಸಹಿಯ ಮೇಲೆ ಗೀಟು ಎಳೆದು, ‘ಹಿಂಬದಿ ಐವತ್ತು, ಒಪ್ಪಿಗೆ ಇಲ್ಲ’ ಎಂದು ಬರೆದೆ.

“ಮನೆ ಮಾತು ಮನೇಲೇ ಇರ್ಲಿ ಪುಟ್ಟಿ.”

“ಇದು ಮನೆಯಲ್ಲ ದೊಡ್ಡಪ್ಪ, ಆಸ್ಪತ್ರೆ.”

ಕಾಗದವನ್ನು ನೇರ ಆಸ್ಪತ್ರೆ ಕಟ್ಟಿಸುತ್ತಿದ್ದ ಹಿರಿಯ ಡಾಕ್ಟರಮ್ಮನ ಕೈಗೆ ಕೊಟ್ಟೆ. ಅವರು ಕೇಳಿದ್ದು ಒಂದೇ ಪ್ರಶ್ನೆ. “ಗುದ್ದಿದ್ರೆ ಯಾವ ವಾರ್ಡಿಗೆ ಪೆಟ್ಟು?”

“ಎಲ್ಲಕ್ಕೂ.”

“ಹಾಗಾದ್ರೆ ಒಡೀರಿ.”

ಅಂದು ಸಂಜೆ ಅಜ್ಜಿಗೆ ಎಲ್ಲ ಹೇಳಿದೆ. “ಕಥೇಲಿ ಆಮೆ ಬರೋ ಹೊತ್ತಿಗೆ ಅವನಿಗೆ ನಿದ್ದೆ ಬಂದ್ಬಿಡ್ತಿತ್ತು” ಎಂದು ನಗಲು ನೋಡಿದಳು. ಆಮೇಲೆ ಗೋಡೆಯ ಕಡೆ ಮುಖ ತಿರುಗಿಸಿ, “ಸ್ವಲ್ಪ ಹೊದಿಸು” ಎಂದಳು.

ಎರಡು ತಿಂಗಳಲ್ಲಿ ದಾರಿ ಆಚೆ ಸರಿಯಿತು, ಗೋಡೆ ಹೊಸದಾಗಿ ಎದ್ದಿತು. ಹೊಸ ಕೋಲನ್ನು ಟೇಪಿನಿಂದ ಅಳೆದು, ಗೆರೆಯ ಮೇಲೆ ನಿಲ್ಲಿಸಿ ನೋಡಿ, ಕಂದಕಕ್ಕಿಳಿದೆ. ಮೂಲೆಯಲ್ಲಿ ದೊಡ್ಡಪ್ಪ ನಿಂತಿದ್ದರು.

“ಒಂದು ತುದಿ ನಾನು ಹಿಡೀಲಾ?”

“ಬೇಡಿ.”

ಮುಂದಿನ ಬಾಗಿಲು, ಎಡಬದಿ, ಆಮೇಲೆ ಹಿಂಬದಿ. ಹಸಿ ಸಿಮೆಂಟಿನ ತಂಪು ಮೊಣಕೈಗೆ ತಾಗಿತು. ಕೋಲು ಸಿಕ್ಕಿಕೊಳ್ಳಲಿಲ್ಲ, ಸಡಿಲವೂ ಆಗಲಿಲ್ಲ. ಬಲಬದಿ ದಾಟಿ, ಹೊರಟ ಬಾಗಿಲಿಗೇ ಬಂದು ಮುಟ್ಟಿದೆ. ಮೇಸ್ತ್ರಿ ಕೈ ಕೊಟ್ಟು ಮೇಲೆಳೆದುಕೊಂಡ. ಕೋಲನ್ನು ಕಂಕುಳಲ್ಲಿ ಅವುಚಿಕೊಂಡೇ ಸಹಿ ಹಾಕಿದೆ.