ಅಂಚೆಯಕ್ಕನ ಎಡಗಾಲು

"ಒಂದು ಚೂರೂ ಉಳಿದಿಲ್ಲ ನೋಡು. ಬೇರುಸಮೇತ ಕಿತ್ತು ಹಾಕಿದೀನಿ!" ಎಂದು ಅಣ್ಣ ಕುರ್ಚಿಯನ್ನು ಹಿಂದಕ್ಕೆ ತಳ್ಳಿ, ದೊಡ್ಡ ಯುದ್ಧ ಗೆದ್ದು ಬಂದವನಂತೆ ಮೈ ಮುರಿದ.

ಊಟ ಮುಗಿಸಿ ಒದ್ದೆ ಕೈ ಒರೆಸಿಕೊಳ್ಳುತ್ತ ಒಳಗೆ ಬಂದ ತಂಗಿ ಕಂಪ್ಯೂಟರಿನ ಪರದೆಯತ್ತ ನೋಡಿದಳು. ಎಡ ಮೂಲೆಯಲ್ಲಿ, ಅವಳ ಕಣ್ಣು ಹುಡುಕದೆಯೇ ಹೋಗಿ ಕೂರುತ್ತಿದ್ದ ಜಾಗದಲ್ಲಿ, ಪಾದದ ಆಕಾರದ ಆ ಹಸಿರು ಗುರುತು ಇರಲಿಲ್ಲ.

"ನನ್ನ ಅಚ್ಚಿನ ಪ್ರೋಗ್ರಾಮ್ ಎಲ್ಲಿ?"

"ಅದೂ ಹೋಯ್ತು. ಹಳೇ ಡಬ್ಬ ಅದು. ಮಾಡಿದ ಕಂಪನಿನೇ ಬಾಗಿಲು ಮುಚ್ಚಿ ಎಷ್ಟೋ ವರ್ಷ ಆಯ್ತಂತೆ. ಈ ಕ್ಲೀನಿಂಗ್ ಸಾಫ್ಟ್‌ವೇರ್ ಹಾಕ್ದೆ ನೋಡು, ಅದೇ ಕೆಂಪು ಗುರುತು ಹಾಕಿ ತೋರಿಸ್ತು, 'ಬೇಡವಾದದ್ದು' ಅಂತ."

"ಅದರಲ್ಲಿದ್ದ ಕಾಲುಗಳು?"

"ಯಾವ ಕಾಲು?" ಎಂದ ಅಣ್ಣ.

ಯಾವ ಕಾಲು! ಇಷ್ಟು ವರ್ಷ ಅದೇ ಅಂಗಡಿಯ ಗಲ್ಲಾದಲ್ಲಿ ಕೂತು, ಅದೇ ಕಾಲುಗಳ ಅನ್ನ ತಿಂದವನು ಕೇಳುವ ಮಾತೇ ಅದು? ಬೇರೆ ಅಂಗಡಿಯ ಬೂಟು ಯಾವುದೂ ಹಿಡಿಸದವರು ಅವರ ಅಂಗಡಿಗೆ ಬರುತ್ತಿದ್ದರು. ಬೆರಳು ಮಡಚಿಕೊಂಡವರು, ಹಿಮ್ಮಡಿ ಇಲ್ಲದವರು, ಒಂದು ಕಾಲು ಗಿಡ್ಡವಾದವರು. ತಂಗಿ ಅವರ ಪಾದ ಅಳೆದು, ಅದರ ಆಕಾರವನ್ನು ಕಂಪ್ಯೂಟರಿಗೆ ಹಾಕುವಳು. ಪಕ್ಕದ ಕೋಣೆಯ ಯಂತ್ರ ಅದನ್ನು ನೋಡಿ ಮರದಲ್ಲಿ ಅಚ್ಚು ಕೆತ್ತುವುದು. ಆ ಅಚ್ಚಿನ ಮೇಲೆ ಅವಳು ಚರ್ಮ ಎಳೆದು ಬೂಟು ಹೊಲಿಯುವಳು. ಬಿಲ್ಲು, ಫೋನು, ಬಂದವರನ್ನು ಕೂರಿಸಿ ಮಾತಾಡಿಸುವುದು ಅಣ್ಣನ ಪಾಲು. ಇಬ್ಬರಿಗೂ ಸೇರಿ ಇದ್ದದ್ದು ಒಂದೇ ಕಂಪ್ಯೂಟರ್.

ಅದು ಈಚೆಗೆ ಬಸವನ ಹುಳುವಾಗಿತ್ತು, ನಿಜ. ಆದರೆ ಮಾಡಿದ್ದು ಯಾರು? ಪುಕ್ಕಟೆ ಸಿಕ್ಕಿತೆಂದರೆ ಅಣ್ಣ ಬಿಡುವ ಆಸಾಮಿಯಲ್ಲ. ಪುಕ್ಕಟೆ ಹವಾಮಾನ, ಪುಕ್ಕಟೆ ಜಾತಕ, ಗಂಟೆಗೊಂದು ಹೂವಿನ ಚಿತ್ರ ಬದಲಿಸುವ ಯಾವುದೋ ಪೀಡೆ, ಎಲ್ಲವನ್ನೂ ತಂದು ತುಂಬಿದ್ದ. ಕಸ ತಂದವನೂ ಅವನೇ, ಈಗ ಪೊರಕೆ ತಂದವನೂ ಅವನೇ.

"ಮಾಮೂಲಿ ಅಳಿಸಿದ್ರೆ ಚೂರುಪಾರು ಉಳ್ಕೊಂಡುಬಿಡುತ್ತೆ," ಎಂದು ಅವನಿನ್ನೂ ಪಾಠ ಹೇಳುತ್ತಲೇ ಇದ್ದ. "ಇದು ಹಾಗಲ್ಲ. ಸಂದಿಗೊಂದಿ ಎಲ್ಲ ಹುಡುಕುತ್ತೆ. ಉದ್ದ ಪಟ್ಟಿ ಬಂತು. 'ಎಲ್ಲವನ್ನೂ ಆರಿಸು' ಅಂತಿತ್ತು, ಒತ್ತಿದೆ. 'ಮತ್ತೆ ಸಿಗದ ಹಾಗೆ ಅಳಿಸಲೇ?' ಅಂತ ಕೇಳ್ತು, ಹೂಂ ಅಂದೆ."

"ನನ್ನ ಒಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ?"

"ನೀನು ಊಟಕ್ಕೆ ಹೋಗಿದ್ಯಲ್ಲ."

ತಂಗಿ ಅವನನ್ನು ಸರಿಸಿ ಕೂತಳು. ಪ್ರೋಗ್ರಾಮ್ ಹೋದರೆ ಹೋಗಲಿ, ಅದರ ಸಿ.ಡಿ. ಅವಳ ಪೆಟ್ಟಿಗೆಯಲ್ಲಿತ್ತು. ಕಾಲುಗಳದ್ದೇ ಚಿಂತೆ. ಆ ಹಳೆಯ ಪ್ರೋಗ್ರಾಮ್ ಅವನ್ನೆಲ್ಲ ತನ್ನದೇ ಹೊಟ್ಟೆಯೊಳಗೆ ಇಟ್ಟುಕೊಳ್ಳುತ್ತಿತ್ತು, ಬೇರೆ ಕಡೆ ಇಡಲು ಬಿಡುತ್ತಿರಲಿಲ್ಲ. ಅದಕ್ಕೇ ಅವಳು ದಿನಾ ಮಧ್ಯಾಹ್ನ ಒಂದು ಪುಟ್ಟ ಕಪ್ಪು ಡ್ರೈವನ್ನು ಸಿಕ್ಕಿಸಿ, ನಕಲು ಆಗಲೆಂದು ಬಿಟ್ಟು ಊಟಕ್ಕೆ ಹೋಗುತ್ತಿದ್ದಳು. ಇವತ್ತೂ ಸಿಕ್ಕಿಸಿಯೇ ಹೋಗಿದ್ದಳು. ಡ್ರೈವಿನ ದೀಪ ಏನೂ ಅರಿಯದಂತೆ ಮಿಣುಕುತ್ತಿತ್ತು. ತೆರೆದು ನೋಡಿದರೆ ಬಟಾಬಯಲು. ಆ ದರಿದ್ರ ಸಾಫ್ಟ್‌ವೇರ್ ಅಲ್ಲಿಗೂ ನುಗ್ಗಿ ಗುಡಿಸಿತ್ತು. ಇವತ್ತೊಂದು ದಿನ ಸಿಕ್ಕಿಸದೆ ಹೋಗಿದ್ದರೆ ನಿನ್ನೆಯ ನಕಲಾದರೂ ಉಳಿಯುತ್ತಿತ್ತು.

ಮರದ ಅಚ್ಚುಗಳೂ ಇರಲಿಲ್ಲ. ಹೋದ ವರ್ಷ ಅಣ್ಣ, "ಎಲ್ಲ ಕಂಪ್ಯೂಟರಲ್ಲೇ ಇದೆಯಲ್ಲ, ಈ ಕಟ್ಟಿಗೆ ಯಾಕೆ ಜಾಗಕ್ಕೆ ದಂಡ?" ಎಂದು ಕಪಾಟು ಖಾಲಿ ಮಾಡಿಸಿದ್ದ. ಅವಳೂ ತಲೆಯಾಡಿಸಿದ್ದಳು. ಅದು ನೆನಪಾಗಿ ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳಬೇಕೆನ್ನಿಸಿತು.

ಅಷ್ಟರಲ್ಲಿ ಪರದೆಯ ಬಲ ಮೂಲೆ ಅವಳ ಕಣ್ಣಿಗೆ ಬಿತ್ತು. ಅಲ್ಲಿ ಅಣ್ಣನ ಇಸ್ಪೀಟಾಟ ಹಾಗೇ ಇತ್ತು. ಕೆಂಪು ರಾಣಿ ನಗುತ್ತಿದ್ದಳು.

"ಇದನ್ಯಾಕೆ ಬಿಟ್ಟೆ?"

ಅಣ್ಣ ಕಿವಿ ಕೆರೆದುಕೊಂಡ. "ಅದು... ಅದೊಂದನ್ನ ಪಟ್ಟಿಯಿಂದ ತೆಗೆದೆ. ದಿನಾ ಉಪಯೋಗಿಸ್ತೀನಲ್ಲ."

ಅವಳ ಮೈಯೆಲ್ಲ ಉರಿದುಹೋಯಿತು. "ಕೆಲಸವಿಲ್ಲದ ಬಡಗಿ ಮಗನ ಕುಂಡೆ ಕೆತ್ತಿದ ಅಂತಾರೆ. ಅವನು ಒಬ್ಬ ಮಗನದ್ದು ಕೆತ್ತಿದ. ನೀನು ಊರಿನವರ ಕಾಲೆಲ್ಲ ಕತ್ತರಿಸಿ, ಇಸ್ಪೀಟು ಉಳಿಸಿಕೊಂಡಿದೀಯ! ನಾಚಿಕೆ ಆಗಲ್ವಾ ನಿಂಗೆ?"

"ಕಿರುಚ್ಬೇಡ. ಮತ್ತೆ ಅಳತೆ ತಗೊಂಡ್ರಾಯ್ತಪ್ಪ. ಅವರ ಕಾಲು ಎಲ್ಲಿಗೂ ಓಡಿಹೋಗಿಲ್ವಲ್ಲ. ಮಿಂಚಿ ಹೋದದ್ದಕ್ಕೆ ಚಿಂತಿಸಿ—"

"ಗಾದೆ ಹೇಳಿದ್ರೆ ನಾಲಿಗೆ ಕಿತ್ತು ಕೈಗೆ ಕೊಡ್ತೀನಿ! ಅಂಚೆಯಕ್ಕನ ಕಾಲು ಹೇಗೆ ಅಳೀತೀಯ? ಹೇಳು! ಹೇಗೆ ಅಳೀತೀಯ?"

ಅಂಚೆಯಕ್ಕನ ಕಾಲಿನ ಕಥೆ ಅಣ್ಣನಿಗೂ ಗೊತ್ತಿತ್ತು.

ಅವಳು ಬೀದಿ ಬೀದಿ ನಡೆದು ಕಾಗದ ಹಂಚುವ ಹೆಂಗಸು. ಹಿಂದೆ ಅಪಘಾತವಾಗಿ ಎಡಗಾಲಿನ ನರ ಸತ್ತಿತ್ತು. ಪಾದ ಒಳಕ್ಕೆ ತಿರುಚಿಕೊಂಡಿತ್ತು, ಅದಕ್ಕಿಂತ ಕೆಟ್ಟದ್ದೆಂದರೆ ಅದಕ್ಕೆ ನೋವೇ ತಿಳಿಯುತ್ತಿರಲಿಲ್ಲ. ಬೇರೆಯವರಾದರೆ ಇಲ್ಲಿ ಒತ್ತುತ್ತೆ, ಅಲ್ಲಿ ಕಚ್ಚುತ್ತೆ ಎಂದು ಹೇಳುತ್ತಾರೆ. ಇವಳ ಕಾಲು ಬಾಯಿ ಬಿಡುವುದಿಲ್ಲ. ಬೂಟು ಕಚ್ಚಿದ್ದು ಗೊತ್ತಾಗುವುದು ಸಂಜೆ ಕಾಲುಚೀಲ ತೆಗೆದು ರಕ್ತ ನೋಡಿದಾಗಲೇ. ಒಂದೊಂದು ಹುಣ್ಣು ಆದಾಗಲೂ ತಂಗಿ ಅಚ್ಚಿನ ಆ ಜಾಗವನ್ನು ತಿದ್ದುವಳು. ಹೀಗೆ ವರ್ಷಗಟ್ಟಲೆ ತಿದ್ದಿ ತಿದ್ದಿ, ಕಡೆಗೊಮ್ಮೆ ಹುಣ್ಣೇ ಆಗದ ಬೂಟು ಹುಟ್ಟಿತ್ತು. ಅಳತೆಪಟ್ಟಿ ಪಾದದ ಆಕಾರ ಹೇಳೀತು, ಅಷ್ಟೇ. ಆ ತಿದ್ದುಪಡಿಗಳನ್ನು ಯಾವ ಅಳತೆಪಟ್ಟಿ ಹೇಳುತ್ತದೆ?

ಕೂಗಾಟದ ನಡುವೆಯೇ ಬಾಗಿಲು ತೆರೆಯಿತು. ಹೊಸ ಜೋಡಿ ಯಾವತ್ತು ಕೊಡುತ್ತಾರೆಂದು ಕೇಳಲು ಅಂಚೆಯಕ್ಕನೇ ಬಂದಿದ್ದಳು. ಹೆಗಲಲ್ಲಿ ಖಾಲಿ ಚೀಲ. ಎಡಗಾಲಿನ ಬೂಟಿನ ಅಟ್ಟೆ ಬಾಯಿ ಬಿಟ್ಟಿದ್ದಕ್ಕೆ ಹಗ್ಗ ಸುತ್ತಿ ಕಟ್ಟಿಕೊಂಡಿದ್ದಳು. ಚರ್ಮ ಸಡಿಲಾಗಿ ಜೋತಿತ್ತು. ಅದನ್ನು ನೋಡಿ ಹೊಸದು ಹೊಲಿಯುವ ಹಾಗಿರಲಿಲ್ಲ.

"ಏನು, ಅಣ್ಣ ತಂಗಿ ಜಗಳ ಬೀದಿ ಕೊನೆವರೆಗೂ ಕೇಳ್ತಿದೆ?" ಎಂದು ನಕ್ಕಳು.

ತಂಗಿ ಎದ್ದು ಗೋಡೆಗೆ ಬೆನ್ನು ಕೊಟ್ಟು ನಿಂತಳು. "ಅಣ್ಣ ಹೇಳ್ತಾನೆ, ಕೇಳಿ."

ಅಣ್ಣ ಕುರ್ಚಿ ಎಳೆದು ಹಾಕಿದ, ನೀರು ಬೇಕಾ ಎಂದ, ಬಿಸಿಲಿನ ಮಾತೆತ್ತಿದ. ಕೊನೆಗೆ, "ಕಂಪ್ಯೂಟರ್ ಕೆಟ್ಟೋಯ್ತು ಅಕ್ಕಾ. ನಿಮ್ಮ ಅಚ್ಚು ಸ್ವಲ್ಪ..." ಎಂದ.

"ಕೆಟ್ಟಿಲ್ಲ! ನೆಟ್ಟಗೇ ಇದೆ," ಎಂದಳು ತಂಗಿ. "ಕಸ ಅಂತ ನಿಮ್ಮ ಕಾಲು ಅಳಿಸಿ ಹಾಕಿದಾನೆ. ನಾನು ಇಷ್ಟು ವರ್ಷ ತಿದ್ದಿದ್ದೆಲ್ಲ ಹೋಯ್ತು. ಅದನ್ನ ಹೇಳೋ ಯೋಗ್ಯತೆನೂ ಇಲ್ಲ ಇವನಿಗೆ."

ಅಂಚೆಯಕ್ಕ ಇಬ್ಬರ ಮುಖವನ್ನೂ ನೋಡಿದಳು. ನಗು ಆರಿತು. ಮೆಲ್ಲಗೆ ಕುರ್ಚಿಯಲ್ಲಿ ಕೂತು, ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡಳು.

"ಹಾಗಾದ್ರೆ ಆ ಹುಣ್ಣೆಲ್ಲ ನಂಗೆ ಮತ್ತೆ ಮೊದಲಿಂದ ಆಗ್ಬೇಕಾ?" ಎಂದು ಕೇಳಿದಳು.

ಅವಳು ಬೈದಿದ್ದರೆ ಅಣ್ಣ ತಿರುಗಿ ಏನಾದರೂ ಹೇಳುತ್ತಿದ್ದ. ಇದಕ್ಕೆ ಅವನ ಬಳಿ ಗಾದೆ ಇರಲಿಲ್ಲ.

ತಂಗಿ ಬಗ್ಗಿ ಹಗ್ಗ ಬಿಚ್ಚಿದಳು. ಬೂಟು ತೆಗೆದಳು, ಕಾಲುಚೀಲ ಎಳೆದಳು. ಪಾದ ಹೊರಗೆ ಬಂತು. ಅದರ ಮೇಲೆ ಹಳೆಯ ಕಲೆಗಳು. ಬೆರಳಿನ ಬುಡದಲ್ಲಿ ಬೆಳ್ಳಗಿನ ಒಂದು ಗೆರೆ, ಪಕ್ಕದಲ್ಲಿ ಮಿರುಗುವ ಎರಡು ಬೊಟ್ಟು, ಗಿಣ್ಣಿನ ಕೆಳಗೊಂದು ಕಂದು ಮಚ್ಚೆ. ಅವಳು ನೋಡುತ್ತಲೇ ಕೂತಳು. ಈ ಬೊಟ್ಟಿಗೆ ಅಚ್ಚನ್ನು ಉಬ್ಬಿಸಿದ್ದಳು, ಆ ಗೆರೆಗೆ ಅಂಚು ತಗ್ಗಿಸಿದ್ದಳು. ಎಷ್ಟು ಎಂದು ಕಲೆ ಹೇಳುವುದಿಲ್ಲ, ಎಲ್ಲಿ ಎಂದಂತೂ ಹೇಳುತ್ತದೆ. ಅರ್ಧ ದಾರಿಯಾದರೂ ಸಿಕ್ಕಿತು.

ಆದರೆ ಸಿಟ್ಟು ಇಳಿಯಲಿಲ್ಲ. ಎದ್ದು, ತಾನು ಕೂರುವ ಗಿಡ್ಡ ಮಣೆಯನ್ನು ಕಾಲಿನಿಂದ ಅಣ್ಣನತ್ತ ದೂಡಿದಳು.

"ಕೂತ್ಕೋ. ಒಂದೊಂದೂ ಹುಡುಕು, ಬೆರಳಿಟ್ಟು ತೋರಿಸು. ಸಂದಿಗೊಂದಿ ಎಲ್ಲ ಹುಡುಕ್ಬೇಕು. ನಾನು ಬರ್ಕೋತೀನಿ."

ಗಿರಾಕಿಗಳ ಕಾಲನ್ನು ಅಣ್ಣ ಎಂದೂ ಮುಟ್ಟಿದವನಲ್ಲ. ಅವನು ಕೂತ. ಪಾದವನ್ನು ತೊಡೆಯ ಮೇಲೆ ಎತ್ತಿಕೊಂಡ. ಅದು ಬಿಸಿಯಾಗಿಯೂ ಇರಲಿಲ್ಲ, ತಣ್ಣಗೂ ಇರಲಿಲ್ಲ. ಹೆದರುತ್ತ ಬೆರಳಿಟ್ಟ.

"ಮುಟ್ಟಿದ್ರಾ?" ಎಂದಳು ಅಂಚೆಯಕ್ಕ, ಕಿಟಕಿಯ ಕಡೆ ನೋಡುತ್ತ. "ಬಾಯಲ್ಲಿ ಹೇಳಿ. ನಂಗೆ ಗೊತ್ತಾಗಲ್ಲ."

"ಕಿರುಬೆರಳ ಹತ್ರ. ಒಂದು ಗೆರೆ."

"ಅದು ಎರಡನೇ ಜೋಡಿದು. ಹೊಲಿಗೆ ಒತ್ತಿತ್ತು."

ತಂಗಿ ಗುರುತು ಹಾಕಿಕೊಂಡಳು. ಅಣ್ಣ ಒಂದೊಂದೇ ಹೇಳುತ್ತ ಹೋದ, ಅಂಚೆಯಕ್ಕ ಒಂದೊಂದಕ್ಕೂ ಉತ್ತರ ಕೊಟ್ಟಳು. ಹಿಮ್ಮಡಿಯ ಹಿಂಬದಿಗೆ ಬಂದಾಗ ಅವನ ಬೆರಳು ತಡೆಯಿತು. ಅಲ್ಲಿ ಹೆಬ್ಬೆರಳು ಮುಳುಗುವಷ್ಟು ದೊಡ್ಡ ಕುಳಿ.

"ಇಲ್ಲಿ... ಹಿಂದುಗಡೆ."

"ಓ, ಅದಾ. ಅದು ಮೊಟ್ಟಮೊದಲನೇದು. ಕಾಲೇ ತೆಗೀಬೇಕು ಅಂದಿದ್ರು ಡಾಕ್ಟ್ರು."

ತಂಗಿಯ ಪೆನ್ಸಿಲ್ ನಿಂತಿತು. ಅಂಚೆಯಕ್ಕ ಕಿಟಕಿಯಿಂದ ಮುಖ ತಿರುಗಿಸದೆಯೇ ಕೇಳಿದಳು.

"ಇನ್ನೂ ಅಲ್ಲೇ ಇದೆಯಾ ನಿಮ್ಮ ಕೈ?"

"ಇದೆ," ಎಂದ ಅಣ್ಣ.