ಅಪ್ಪನ ಓಕ್ ದಿಮ್ಮಿಗಳು

ವೆಸೆಲಾ ನೆಲಮಾಳಿಗೆಯ ಕೋಣೆಗೆ ಹೊಸ ಬೀಗ ಜಡಿದ ದಿನವೇ ನನಗೆ ಗೊತ್ತಾಯ್ತು, ಇವಳು ಏನೋ ಮುಚ್ಚಿಡ್ತಿದ್ದಾಳೆ ಅಂತ. ವೆಸೆಲಾ ಅಂದರೆ ನನ್ನ ತಮ್ಮ ಓಗ್ನ್ಯಾನ್‌ನ ಹೆಂಡತಿ. ಗಾಬ್ರೊವೊ ಅನ್ನೋ ಊರಿನ ಕಡೆಯವಳು. ನಾನಿರೋದು ಎರಡನೇ ಮಹಡಿ, ಅವರು ನನ್ನ ಕಾಲಡಿ, ಮೊದಲನೇದರಲ್ಲಿ. ಇಷ್ಟು ವರ್ಷ ನೆಲಮಾಳಿಗೆಗೆ ಒಂದೇ ಬೀಗ ಇತ್ತು, ಕೀಲಿ ಇಬ್ಬರ ಹತ್ತಿರವೂ ಇತ್ತು. ಈಗೇನು ಬಂತು?

ನಾನೇನು ಬೇರೆಯವರ ವಿಷಯಕ್ಕೆ ಮೂಗು ತೂರಿಸುವವಳಲ್ಲ. ಬಟ್ಟೆ ಒಣಹಾಕಲು ಬಾಲ್ಕನಿಗೆ ಬಂದರೆ ಹಿಂದಿನ ಗ್ಯಾರೇಜುಗಳ ಸಾಲು ಪೂರ್ತಿ ಕಾಣುತ್ತೆ. ಕಣ್ಣು ಮುಚ್ಚಿಕೊಂಡು ಒಣಹಾಕಲೇ? ಹಾಗೆ ನಿಂತಿದ್ದಾಗಲೇ ನೋಡಿದ್ದು, ವೆಸೆಲಾ ಆ ಪ್ಲಾಮೆನ್ ಜೊತೆ ಬರ್ತಿದ್ದಾಳೆ. ಪ್ಲಾಮೆನ್ ನಾಲ್ಕನೇ ಮಹಡಿಯವರ ಬಾಲ್ಕನಿಗೆ ಗೋಡೆ ಕಟ್ಟುತ್ತಿದ್ದ ಗಾರೆ ಕೆಲಸದವನು, ಭುಜ ಅಗಲ, ಹಲ್ಲು ಬೆಳ್ಳಗೆ. ಕೈಗಾಡಿಯಲ್ಲಿ ಒಳಗೆಲ್ಲ ತೂತಿರೋ ಕೆಂಪು ಇಟ್ಟಿಗೆ ತುಂಬಿಕೊಂಡು ನಮ್ಮ ಗ್ಯಾರೇಜಿಗೆ ಹೋದರು. ಬರುವಾಗ ಅದೇ ಗಾಡಿಯಲ್ಲಿ ಏನೋ ಭಾರದ್ದು ಇತ್ತು, ಮೇಲೆ ಹಳೇ ಕಂಬಳಿ. ವೆಸೆಲಾ ಒಂದು ಸಲ ತಲೆಯೆತ್ತಿ ನನ್ನ ಬಾಲ್ಕನಿ ಕಡೆ ನೋಡಿದಳು. ನಾನು ಬೆಡ್‌ಶೀಟಿನ ಹಿಂದೆ ಸರಿದೆ.

ಮಧ್ಯಾಹ್ನ ಗ್ಯಾರೇಜಿಗೆ ಹೋಗಿ ಬಾಗಿಲು ತೆರೆದು ನೋಡಿದೆ. ಅಪ್ಪನ ದಿಮ್ಮಿಗಳೇ ಇಲ್ಲ!

ಅಪ್ಪ ರೈಲ್ವೆಯಲ್ಲಿದ್ದರು. ಹಳಿಯ ಕೆಳಗಿನ ಓಕ್ ಮರದ ತೊಲೆ ಕೊಯ್ಸಿ ಮಾಡಿಸಿದ ದಿಮ್ಮಿಗಳು ಅವು, ಕಲ್ಲಿನಂಥವು. ನಮ್ಮ ಹಳೇ ಮಾಸ್ಕ್ವಿಚ್ ಕಾರನ್ನ ಜಾಕ್ ಹಾಕಿ ಎತ್ತಿದ ಮೇಲೆ ಆ ದಿಮ್ಮಿಗಳ ಮೇಲೆ ಇಳಿಸಿಯೇ ಅಪ್ಪ ಕೆಳಗೆ ಹೋಗ್ತಿದ್ದದ್ದು. ಅದಕ್ಕೂ ಮೊದಲು ಹಿಂದಿನ ಚಕ್ರಗಳಿಗೆ ಕಲ್ಲು ಕೊಡೋದು. ಬಿಚ್ಚಿದ ಚಕ್ರಗಳನ್ನ, ಕಾರು ಜಾರಿದರೂ ಅದರ ಮೇಲೆ ಕೂರಲಿ ಅಂತ, ಕಾರಿನ ಬಾಗಿಲಿನ ಕೆಳಗೆ ಅಡ್ಡ ಮಲಗಿಸೋದು. ಆಮೇಲೆ ಸೊಂಟದಿಂದ ಕಾರಿಗೊಂದು ಗುದ್ದು ಕೊಟ್ಟು ಅಲ್ಲಾಡುತ್ತಾ ನೋಡೋದು. "ಜಾಕ್ ಎತ್ತೋದಕ್ಕೆ ಡೋನ್ಕಾ, ಹೊರೋದಕ್ಕಲ್ಲ" ಅಂತ ನನಗೇ ಹೇಳ್ತಿದ್ದರು. ಓಗ್ನ್ಯಾನ್ ಎಲ್ಲೋ ಚೆಂಡು ಒದೀತಿದ್ದ. ಲಾಂದ್ರ ಹಿಡಿದು ನಿಂತವಳು ನಾನು.

ಈಗ ಆ ದಿಮ್ಮಿಗಳ ಜಾಗದಲ್ಲಿ ತೂತಿನ ಇಟ್ಟಿಗೆ ನೀಟಾಗಿ ಜೋಡಿಸಿಟ್ಟಿದೆ.

ಶನಿವಾರ ಓಗ್ನ್ಯಾನ್ ಕ್ಲಚ್ ಬಿಚ್ಚಬೇಕು ಅಂತ ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಗಂಡ ಕಾರಿನಡಿ ಹೋಗ್ತಾನೆ ಅಂತ ಗೊತ್ತಿದ್ದೂ ಹೆಂಡತಿ ದಿಮ್ಮಿ ಮಾಯ ಮಾಡ್ತಾಳೆ, ಇಟ್ಟಿಗೆ ಇಡ್ತಾಳೆ, ಜೊತೆಗೊಬ್ಬ ಬೆಳ್ಳಗಿನ ಹಲ್ಲಿನವನು. ಇದಕ್ಕೆ ಏನರ್ಥ? ನೀವೇ ಹೇಳಿ. ನನ್ನ ತಲೆಗೆ ಬಂದದ್ದನ್ನ ಬಾಯಿಬಿಟ್ಟು ಹೇಳೋಕೂ ಭಯವಾಯ್ತು.

ಮಾರನೇ ದಿನ ಮೆಟ್ಟಿಲ ಮೇಲೆ ಸಿಕ್ಕಾಗ ಕೇಳೇಬಿಟ್ಟೆ. "ವೆಸೆಲಾ, ಅಪ್ಪನ ದಿಮ್ಮಿ ಎಲ್ಲಿ?"

"ಯಾವ ದಿಮ್ಮಿ ಅತ್ತಿಗೆ?" ಅಂದಳು. ಕಿವಿತನಕ ಕೆಂಪಾದಳು. "ಗ್ಯಾರೇಜಿನಲ್ಲೇ ಇರಬೇಕು." ಅಷ್ಟಂದು ದಡದಡ ಇಳಿದು ಹೋದಳು. ಅವಳ ಕೈಯಲ್ಲಿ ಖಾಲಿ ಬಕೆಟ್ಟು. ನೆಲಮಾಳಿಗೆಗೆ ಬಕೆಟ್ ಹಿಡಿದು ಯಾಕೆ ಹೋಗ್ತಾಳೆ?

ತಮ್ಮನಿಗೆ ಹೇಳಿದೆ. ಅವನು ನಕ್ಕ. "ಅಕ್ಕ, ನಿನಗೆ ಬೇರೆ ಕೆಲಸ ಇಲ್ವಾ? ಹೋದ ಸಲ ಅಂಚೆಯವನ ಮೇಲೆ ಅನುಮಾನ, ಅದರ ಹಿಂದೆ ಡಾಕ್ಟರಮ್ಮನ ಮೇಲೆ."

"ಡಾಕ್ಟರಮ್ಮನ ವಿಷಯದಲ್ಲಿ ನಾನು ಹೇಳಿದ್ದೇ ನಿಜ ಆಯ್ತು ತಾನೆ?"

"ಆಯ್ತು ಬಿಡು ತಾಯಿ. ಇಟ್ಟಿಗೆ ಇದೆಯಲ್ಲ, ಸಾಕು. ನಾಲ್ಕು ಮಹಡಿ ಹೊರೋ ಇಟ್ಟಿಗೆ ಒಂದು ಮಾಸ್ಕ್ವಿಚ್ ಹೊರಲ್ವಾ?"

ಇವನೂ ಗಂಡಸು! ಗೋಡೆಯಲ್ಲಿ ಇಟ್ಟಿಗೆಗಳ ಮೇಲೆ ಭಾರ ಹರಡಿಕೊಂಡಿರುತ್ತೆ, ಗಾರೆ ಹಿಡಿದಿರುತ್ತೆ. ಕಾರು ಒಂದೇ ಕಡೆ ಚುಚ್ಚಿ ಕೂರುತ್ತೆ, ಒಳಗೆ ನೋಡಿದರೆ ಬರೀ ತೂತು. ಎಷ್ಟು ಹೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಶನಿವಾರ ಬೆಳಗ್ಗೆ ಬಾಲ್ಕನಿಯಿಂದ ಬಗ್ಗಿ ನೋಡಿದೆ. ಗ್ಯಾರೇಜಿನ ಬಾಗಿಲು ತೆರೆದಿತ್ತು. ಕಾರಿನ ಮೂತಿ ಮೇಲಕ್ಕೆದ್ದಿತ್ತು, ಅಡಿಯಿಂದ ತಮ್ಮನ ಕಾಲುಗಳು ಮಾತ್ರ ಹೊರಗೆ ಚಾಚಿದ್ದವು. ಪಕ್ಕದಲ್ಲಿ ವೆಸೆಲಾ, ಕೈಯಲ್ಲಿ ಕಾಫಿ ಲೋಟ. ಮನೆಯಲ್ಲಿ ಹಾಕಿಕೊಳ್ಳೋ ಚಪ್ಪಲಿಯಲ್ಲೇ ಓಡಿದೆ.

ಹೋಗಿ ನೋಡಿದರೆ ಎರಡು ಕಡೆಯೂ ಇಟ್ಟಿಗೆಯ ಗುಡ್ಡೆ, ಮೇಲೊಂದು ತೆಳ್ಳಗಿನ ಹಲಗೆ ಚೂರು. ಬಿಚ್ಚಿದ ಚಕ್ರಗಳು ಗೋಡೆಗೆ ಒರಗಿ ನಿಂತಿವೆ. ಜಾಕನ್ನೂ ತೆಗೆದು ಆಚೆ ಇಟ್ಟಿದ್ದಾನೆ, ಪುಣ್ಯಾತ್ಮ.

"ಓಗ್ನ್ಯಾನ್, ಹೊರಗೆ ಬಾ!"

"ಅಕ್ಕ, ಕೈಯಲ್ಲಿ ಬೋಲ್ಟ್ ಇದೆ. ಈಗ ಶುರು ಮಾಡಬೇಡ."

"ಬಾ ಅಂದ್ರೆ ಬಾ. ನಿನ್ನ ಹೆಂಡತಿ ನಿನ್ನನ್ನ ಇಲ್ಲೇ ಹೂಳೋ ಹಾಗಿದ್ದಾಳೆ!"

ವೆಸೆಲಾಳ ಕೈಯಿಂದ ಕಾಫಿ ತುಳುಕಿತು. "ಅತ್ತಿಗೆ! ಏನ್ ಮಾತಾಡ್ತಿದೀರಿ? ನಾಲಿಗೆ ಬಿಗಿ ಹಿಡೀರಿ!"

"ದಿಮ್ಮಿ ಎಲ್ಲಿಟ್ಟಿದೀಯ ಹೇಳು, ಆಮೇಲೆ ನಾಲಿಗೆ ಬಿಗಿ ಹಿಡೀತೀನಿ. ಪ್ಲಾಮೆನ್ ಗಾಡಿಯಲ್ಲಿ ಕಂಬಳಿ ಮುಚ್ಚಿ ಎಲ್ಲಿಗೆ ಸಾಗಿಸಿದೆ?"

ಅವಳು ತುಟಿ ಕಚ್ಚಿಕೊಂಡಳು. ಹೇಳಲಿಲ್ಲ. ಗಂಡ ಕಾರಿನಡಿ ಮಲಗಿದ್ದಾನೆ, ಆದರೂ ಹೇಳಲಿಲ್ಲ.

ಆಗಲೇ ಸದ್ದು ಕೇಳಿದ್ದು, ಒಣ ರೊಟ್ಟಿ ಮುರಿದ ಹಾಗೆ ಸಣ್ಣದಾಗಿ ಚಟ್ ಅಂತ. ವೆಸೆಲಾ ನಿಂತ ಕಡೆಯ ಗುಡ್ಡೆಯಿಂದ ಕೆಂಪು ಪುಡಿ ಉದುರಿತು. ತಮ್ಮನ ಕಾಲು ಹಿಡಿದು ಎಳೆಯೋಣ ಅಂದರೆ ಅವನ ಮೈ ತಾಗಿ ಇಟ್ಟಿಗೆಯೇ ಜಾರಿದರೆ?

"ಅಲ್ಲಾಡಬೇಡ ಓಗ್ನ್ಯಾನ್, ಉಸಿರೂ ಬಿಡಬೇಡ!" ಅಂತ ಕಿರುಚಿ ಒಂದು ಚಕ್ರ ಎಳೆದು ನನ್ನ ಕಡೆಯ ಬಾಗಿಲಿನ ಕೆಳಗೆ ಮಲಗಿಸಿ ತಳ್ಳಿದೆ. "ಆ ಕಡೇದು ನೀನು ತಳ್ಳೇ!"

ವೆಸೆಲಾ ಕಂಬದ ಹಾಗೆ ನಿಂತೇ ಇದ್ದಳು. ನೋಡಿದೆಯಾ ಡೋನ್ಕಾ, ನಿನ್ನ ಅನುಮಾನ ನಿಜ, ಅಂದುಕೊಂಡೆ. ಅಂದುಕೊಳ್ಳುವಷ್ಟರಲ್ಲಿ ಲೋಟ ಎಸೆದು ಚಕ್ರ ಉರುಳಿಸಿಕೊಂಡು ಬಂದಳು. ನೆಲಕ್ಕೆ ಬಿದ್ದು, ಆ ಬಿರುಕು ಬಿಟ್ಟ ಗುಡ್ಡೆಯ ಪಕ್ಕದಲ್ಲೇ ಎರಡೂ ತೋಳು ಭುಜದವರೆಗೆ ಕಾರಿನಡಿ ತೂರಿಸಿ ತಳ್ಳಿದಳು. "ತೋಳು ತೆಗಿ! ತೋಳು ತೆಗಿಯೇ!" ಅಂತ ನಾನು ಕೂಗಿದ್ದು ನೆನಪಿದೆ. ಅವಳು ಚಕ್ರ ಪೂರ್ತಿ ಒಳಗೆ ಹೋಗುವವರೆಗೂ ತೆಗೆಯಲಿಲ್ಲ.

ತೆಗೆದಳು, ಇಟ್ಟಿಗೆ ಪುಡಿಯಾಯ್ತು. ಕಾರು ದಢಾರನೆ ಆ ಕಡೆ ವಾಲಿ ಚಕ್ರದ ಮೇಲೆ ಕುಕ್ಕರಿಸಿತು. ಗ್ಯಾರೇಜ್ ತುಂಬ ಕೆಂಪು ಧೂಳು.

"ಅಕ್ಕ," ಅಂತ ಕೆಳಗಿನಿಂದ ಬಂತು. "ಬೋಲ್ಟ್ ಬಿದ್ದೋಯ್ತು."

ದೇವರೇ! ಅಳಬೇಕೋ ಬೈಯಬೇಕೋ ಗೊತ್ತಾಗಲಿಲ್ಲ, ಎರಡೂ ಮಾಡಿದೆ. ಜಾಕ್ ಹಾಕಿ ಎತ್ತಿ ಅವನನ್ನು ಎಳೆದೆವು. ಮೂಗಿನ ಮೇಲೆ ಚರ್ಮ ತರಚಿತ್ತು, ಅಷ್ಟೇ. ವೆಸೆಲಾ ಅವನ ತಲೆ ತಬ್ಬಿಕೊಂಡಳು. ಅವಳ ಮೊಣಕೈಯೆಲ್ಲ ರಕ್ತ.

ಕೊಲ್ಲುವವಳು ಹಾಗೆ ತೋಳು ಕೊಡೋದಿಲ್ಲ, ಅಷ್ಟು ನನಗೂ ಗೊತ್ತಾಗುತ್ತೆ. ಆದರೆ ದಿಮ್ಮಿ? ಸುಮ್ಮನಿರೋಕೆ ಆಗಲಿಲ್ಲ. "ಈಗಲಾದರೂ ಹೇಳ್ತೀಯೋ ಇಲ್ವೋ?"

ಅವಳು ಕುತ್ತಿಗೆಯಿಂದ ದಾರ ಎಳೆದಳು. ಅದರಲ್ಲಿ ಕೀಲಿಯಿತ್ತು. ಓಗ್ನ್ಯಾನ್‌ನನ್ನ ಅಲ್ಲೇ ಕೂರಿಸಿ ನಾವಿಬ್ಬರೂ ನೆಲಮಾಳಿಗೆಗೆ ಇಳಿದೆವು, ಬೀಗ ತೆಗೆದಳು. ಸಬ್ಬಸಿಗೆಯ, ಹುಳಿ ಉಪ್ಪುನೀರಿನ ವಾಸನೆ ಮುಖಕ್ಕೆ ಹೊಡೆಯಿತು. ಮೂಲೆಯಲ್ಲಿ ಚಳಿಗಾಲಕ್ಕೆ ಎಲೆಕೋಸು ಹುಳಿಯಿಟ್ಟ ದೊಡ್ಡ ಪೀಪಾಯಿ. ಅದರಡಿಯಲ್ಲಿ ಅಪ್ಪನ ದಿಮ್ಮಿಗಳು. ಪೀಪಾಯಿಯ ನಲ್ಲಿಯ ಕೆಳಗೆ ಆ ಬಕೆಟ್ಟು.

"ಎತ್ತರಕ್ಕಿಟ್ಟರೆ ತಾನೆ ಕೋಸು ಕೆಡದ ಹಾಗೆ ಉಪ್ಪುನೀರು ಬಸಿದು ಮತ್ತೆ ಮೇಲಿಂದ ಹುಯ್ಯೋಕಾಗೋದು," ಅಂದಳು ವೆಸೆಲಾ. "ಇಟ್ಟಿಗೆ ಉಪ್ಪುನೀರು ಕುಡಿಯುತ್ತೆ ಅಂತ ಮರ ತಗೊಂಡೆ. ಪೀಪಾಯಿ ಖಾಲಿಯಾದ ಮೇಲೆ ವಾಪಸ್ ಇಡೋಣ ಅಂತಿದ್ದೆ. ಇಟ್ಟಿಗೆ ಗಟ್ಟಿ ಅಂತಲೇ ಅಂದುಕೊಂಡೆ ಅತ್ತಿಗೆ, ನನ್ನಾಣೆ."

"ಎಲೆಕೋಸು ತಾನೆ! ಇದನ್ನ ಹೇಳೋಕೇನಾಗಿತ್ತು ನಿನಗೆ? ಬೀಗ ಯಾಕೆ? ಕಂಬಳಿ ಯಾಕೆ?"

ಅವಳು ನನ್ನ ಕಡೆ ತಿರುಗಿದಳು. "ಹೋದ ವರ್ಷ ನನ್ನ ಕೋಸು ಮೆತ್ತಗಾಯ್ತು ಅಂತ ನೀವು ಮೇಲಿಂದ ಕೆಳಗಿನವರೆಗೂ ಒಂದೊಂದು ಮನೆಗೆ ಹೇಳಿ ಬಂದ್ರಿ. ದಿನಾ ಇಲ್ಲಿ ಬಂದು ಮುಚ್ಚಳ ತೆಗೆದು ಮೂಸಿ ನೋಡ್ತಿದ್ರಿ. ಬೀದೀಲಿ ಜನ ನಕ್ಕರು. ಈ ಸಲ ಚೆನ್ನಾಗಿ ಬರೋವರೆಗೂ ನಿಮ್ಮ ಕಣ್ಣಿಗೆ ಬೀಳಬಾರದು ಅಂತಿದ್ದೆ. ನಿಮ್ಮ ತಮ್ಮನಿಗೂ ಹೇಳಲಿಲ್ಲ, ಅವರ ಹೊಟ್ಟೇಲಿ ಮಾತು ನಿಲ್ಲಲ್ಲ."

ಅವಳು ಮುಚ್ಚಳ ತೆಗೆದು ಒಂದು ಎಲೆ ಹರಿದು ಕೊಟ್ಟಳು. ಗೂಟದಲ್ಲಿ ಇನ್ನೊಂದು ಹೊಸ ಕೀಲಿ ನೇತಾಡುತ್ತಿತ್ತು, ಕೆಂಪು ನೂಲು ಕಟ್ಟಿ. "ಅದು ನಿಮ್ಮದು," ಅಂದಳು. "ಸಂತ ನಿಕೊಲಾ ಹಬ್ಬದ ದಿನ ಕೋಸಿನ ಜೊತೆ ಕೊಡೋಣ ಅಂತ ಮಾಡಿಸಿದ್ದೆ."

ಎಲೆ ಬಾಯಿಗೆ ಹಾಕಿಕೊಂಡೆ. ಕರುಂ ಅಂತು. ನಮ್ಮಮ್ಮನ ಕೈಯಲ್ಲೂ ಇಷ್ಟು ಚೆನ್ನಾಗಿ ಬಂದಿರಲಿಲ್ಲ. ಹೇಳಬೇಕು ಅಂತ ಬಾಯಿ ತೆರೆದೆ, ಮೇಲಿನ ಸಣ್ಣ ಕಿಟಕಿಯಿಂದ, ಆಚೆ ಗ್ಯಾರೇಜಿನಲ್ಲಿ ಓಗ್ನ್ಯಾನ್ ಕೆಮ್ಮೋದು ಕೇಳಿಸಿತು. ಮನೆಮನೆಗೆ ಕೋಸಿನ ಕಥೆ ಹೇಳಿದ ನನ್ನ ನಾಲಿಗೆಯಿಂದಲೇ ಆ ಕೆಮ್ಮು ಇವತ್ತು ನಿಂತುಹೋಗ್ತಿತ್ತು ಅನ್ನೋದು ಹೊಳೆಯಿತು. ಅಲ್ಲೇ ಪೀಪಾಯಿ ಹಿಡಿದು ಕೂತೆ.

"ಚೆನ್ನಾಗಿಲ್ವಾ ಅತ್ತಿಗೆ?" ಅಂತ ವೆಸೆಲಾ ಹೆದರುತ್ತ ಕೇಳಿದಳು.