ಮಗಳು ಎದುರಿಗೆ ಕುಳಿತಾಗ

ಎದುರಿಗೆ ಕೂತವರಿಗೆ ಹೀಗೆ ಮಾಡು, ಹಾಗೆ ಮಾಡಬೇಡ ಎಂದು ಯಾವತ್ತೂ ಹೇಳುವುದಿಲ್ಲವೆಂದು ಆಪ್ತಸಮಾಲೋಚಕಿ ತನಗೆ ಕೆಲಸ ಕಲಿಸಿದ ಮೇಡಂಗೆ ಮಾತು ಕೊಟ್ಟದ್ದು ಮಗಳು ಹುಟ್ಟುವುದಕ್ಕೂ ಮೊದಲು. "ದಾರಿ ಅವರೊಳಗೇ ಇರುತ್ತೆ. ಹುಡುಕೋವಾಗ ನೀನು ಜೊತೆಗಿರು, ಸಾಕು" ಎಂದಿದ್ದರು ಮೇಡಂ. ಆಸ್ಪತ್ರೆಯ ಹಿಂಬದಿಯ ಪುಟ್ಟ ಕೋಣೆಯಲ್ಲಿ ಅವಳು ಆ ಮಾತಿಗೆ ತಪ್ಪಿದವಳಲ್ಲ. ಮನೆಯಲ್ಲಿ ಮಗಳ ಮುಂದೆ ಮಾತ್ರ ಅವಳ ಬಾಯಿಗೆ ಬೀಗವಿರಲಿಲ್ಲ. ತಲೆ ಒರೆಸಿಕೋ, ಫೋನ್ ಕೆಳಗಿಡು, ಆ ಹುಡುಗಿಯ ಸಹವಾಸ ಬೇಡ.

ಅಂದು ಮಧ್ಯಾಹ್ನ "ಮುಂದಿನವರು ಬನ್ನಿ" ಎಂದಾಗ ಬಾಗಿಲು ತಳ್ಳಿಕೊಂಡು ಬಂದವಳು ಮಗಳೇ. ಕೈಯಲ್ಲಿ ಟೋಕನ್.

"ಏನೇ ಇದು? ಕಾಲೇಜಿಲ್ವಾ?"

"ಇದೆ. ಮನೇಲಿ ನಾನು ಬಾಯಿ ತೆಗೆಯೋದ್ರೊಳಗೆ ನಿನ್ನ ತೀರ್ಪು ಬಂದಿರುತ್ತೆ. ಇಲ್ಲಿ ಸುಮ್ನೆ ಕೇಳಿಸ್ಕೋತೀಯಂತೆ. ಅದಕ್ಕೇ ಸಾಲಲ್ಲಿ ನಿಂತೆ."

"ಸ್ವಂತದವರನ್ನ ನಾವು ನೋಡೋ ಹಾಗಿಲ್ಲ ಕಣೇ. ಬೇರೆಯವರ ಹತ್ರ ಕಳಿಸ್ತೀನಿ."

"ಬೇರೆಯವರಿಗೆ ಹೇಳೋ ವಿಷಯ ಅಲ್ಲಮ್ಮ." ಮಗಳು ಕುರ್ಚಿ ಎಳೆದುಕೊಂಡು ಕೂತೇಬಿಟ್ಟಳು. "ನಾನು ಅಪ್ಪನ ಮನೇಲಿ ಇರ್ಬೇಕು ಅಂತಿದೀನಿ. ಒಂದು ವರ್ಷ."

ಆ ಕೋಣೆಯಲ್ಲಿ ದಿನವಿಡೀ ಆಡುವ ಮಾತೇ ತಾಯಿಯ ಬಾಯಿಂದ ತಾನಾಗಿ ಹೊರಬಂತು. "ಅಂದ್ರೆ, ಅಪ್ಪನ ಜೊತೆ ಇರ್ಬೇಕು ಅಂತ ನಿಂಗನ್ನಿಸ್ತಿದೆ."

"ಗಿಳಿಪಾಠ ಒಪ್ಪಿಸ್ಬೇಡ. ಅದನ್ನೇ ತಾನೆ ನಾನೀಗ ಹೇಳಿದ್ದು?"

ಇಬ್ಬರಿಗೂ ನಗು ಬಂತು, ಬಂದಷ್ಟೇ ಬೇಗ ಹೋಯಿತು. ಇವಳು ಕೂಸಾಗಿದ್ದಾಗಲೇ ಬಿಟ್ಟುಹೋದವನು, ಜ್ವರ ಬಂದಾಗ ಒಮ್ಮೆಯೂ ಇಣುಕಿ ನೋಡದವನು ಎಂಬುದೆಲ್ಲ ತಾಯಿಯ ನಾಲಿಗೆಯ ತುದಿಯಲ್ಲಿತ್ತು. ನುಂಗಿಕೊಂಡಳು.

"ನಿನ್ನ ಮೇಲೆ ಕೋಪ ಇಲ್ಲಮ್ಮ," ಮಗಳು ಟೋಕನ್ ತಿರುಗಿಸುತ್ತ ಹೇಳಿದಳು. "ಅಪ್ಪ ಸರಿಯಿಲ್ಲ ಅಂತ ನಿನ್ನ ಬಾಯಲ್ಲಿ ಕೇಳಿದೀನಿ, ಅಷ್ಟೇ. ಸರಿಯಿಲ್ಲದಿದ್ರೂ ನನ್ನ ಕಣ್ಣಲ್ಲೇ ನೋಡ್ಬೇಕು ಅನ್ಸುತ್ತೆ. ಆದ್ರೆ ನೀನೊಬ್ಳೇ ಆಗ್ತೀಯ. ಹೋಗ್ಲಾ, ಬೇಡ್ವಾ? ನೀನು ಬೇಡ ಅಂದ್ರೆ ಹೋಗಲ್ಲ."

ಬೇಡ ಎಂಬ ಒಂದು ಮಾತು ಸಾಕಿತ್ತು. ತಾಯಿ ಮಗಳ ಕೈ ಹಿಡಿದುಕೊಂಡಳು, ಆ ಕೋಣೆಯಲ್ಲಿ ಅಲ್ಲಿಯವರೆಗೆ ಯಾರ ಕೈಯನ್ನೂ ಹಿಡಿದವಳಲ್ಲ.

"ನೀನು ಹೋದ್ರೆ ನಂಗೆ ತುಂಬಾ ಸಂಕಟ ಆಗುತ್ತೆ, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಆ ಸಂಕಟ ನಂದು. ಅದನ್ನ ನೀನು ಹೊತ್ಕೊಂಡು ತಿರುಗ್ಬೇಕಾಗಿಲ್ಲ. ಹೋಗೋದು ಬಿಡೋದು ನಿಂಗೇ ಗೊತ್ತಾಗುತ್ತೆ."

ಮಗಳು ತೋಳಿಗೆ ಮೂಗು ಒರೆಸಿಕೊಂಡು, "ಹಾಗಾದ್ರೆ ಹೋಗ್ತೀನಮ್ಮ" ಎಂದಳು.

ಶನಿವಾರ ಬಟ್ಟೆಬರೆ ಜೋಡಿಸಿಕೊಂಡು ಹೋದಳು. ಹೋಗಬೇಡವೆಂದು ತಾಯಿ ಬಾಗಿಲಲ್ಲೂ ಹೇಳಲಿಲ್ಲ. ಮೇಡಂಗೆ ಕೊಟ್ಟ ಮಾತು ಉಳಿಯಿತು.